ಬಾಣಂತಿಯ ತಲೆನೋವು, ಬಿ.ಪಿ. ಮತ್ತು ಫಿಟ್ಸ್: ಬಳಗದ ಪ್ರಶ್ನೆಗಳಿಗೆ ನರರೋಗ ತಜ್ಞೆಯ ಉತ್ತರ

ಪ್ರಶ್ನೆ (ಕಾಸರಗೋಡು ಜಿಲ್ಲೆಯ ಬದಿಯಡ್ಕ ಸಮೀಪದ ಒಬ್ಬ ಸದಸ್ಯರು):

ಮೇಡಂ, ನಮಸ್ಕಾರ. ನನ್ನ ಹೆಂಡತಿಗೆ 26 ವರ್ಷ, ಚೊಚ್ಚಲ ಹೆರಿಗೆ. ಎಂಟು ತಿಂಗಳವರೆಗೆ ಬಿ.ಪಿ. ಸರಿಯಾಗಿಯೇ ಇತ್ತು. ಕೊನೆಯ ತಪಾಸಣೆಗಳಲ್ಲಿ 140 ದಾಟಿತ್ತು, ವಿಶ್ರಾಂತಿ ಮಾಡಲು ಹೇಳಿದ್ದರು. ಸಹಜ ಹೆರಿಗೆಯಾಗಿ ಮೂರನೆಯ ದಿನ ತವರುಮನೆಗೆ ಕರೆದುಕೊಂಡು ಬಂದೆವು. ಐದನೆಯ ದಿನ ಬೆಳಿಗ್ಗೆಯಿಂದ ತಲೆನೋವು. ಹತ್ತಿರದ ಕ್ಲಿನಿಕ್ಕಿಗೆ ಹೋದಾಗ ನಿದ್ದೆಗೆಟ್ಟದ್ದರಿಂದ ಎಂದು ನೋವಿನ ಮಾತ್ರೆ ಕೊಟ್ಟರು, ಬಿ.ಪಿ. ನೋಡಲಿಲ್ಲ. ರಾತ್ರಿ ಕಣ್ಣ ಮುಂದೆ ಬೆಳಕು ಮಿನುಗುತ್ತದೆ ಎಂದಳು. ಸ್ವಲ್ಪ ಹೊತ್ತಿನಲ್ಲಿ, ಪಕ್ಕದಲ್ಲೇ ಇದ್ದ ತೊಟ್ಟಿಲು ಕಾಣುವುದಿಲ್ಲ ಎಂದು ಕೈಯಾಡಿಸಿ ಹುಡುಕತೊಡಗಿದಳು. ಆಮೇಲೆ ಫಿಟ್ಸ್ ಬಂತು. ಅಜ್ಜಿ ಬಾಣಂತಿ ಸನ್ನಿ ಎಂದರು, ನೆರೆಮನೆಯವರು ಕೈಗೆ ಬೀಗದ ಕೈ ಹಿಡಿಸಿದರು. ಕೊನೆಗೆ ಮಂಗಳೂರಿಗೆ ಸಾಗಿಸಿದೆವು. ಆಗ ಬಿ.ಪಿ. 170/110. ಎಂ.ಆರ್.ಐ. ವರದಿಯಲ್ಲಿ ‘ಪ್ರೆಸ್’ ಎಂದು ಬರೆದಿದ್ದಾರೆ. ಈಗ ಕಣ್ಣು ಕಾಣುತ್ತದೆ, ಮನೆಗೆ ಬಂದಿದ್ದಾಳೆ. ಬಿ.ಪಿ. ಮಾತ್ರೆಯೂ ಫಿಟ್ಸ್ ಮಾತ್ರೆಯೂ ನಡೆಯುತ್ತಿವೆ. ಇದು ಅಪಸ್ಮಾರವೇ? ಜೀವನವಿಡೀ ಮಾತ್ರೆ ಬೇಕೇ? ಹೆರಿಗೆಯಾದ ಮೇಲೆ ಯಾಕೆ ಬಂತು? ಮಗುವಿಗೆ ಹಾಲು ಕೊಡಬಹುದೇ?

ಉತ್ತರ:

ಮೊದಲು ನಿಮ್ಮ ಮನಸ್ಸಿಗೆ ಬೇಕಾದ ಮಾತು: ನೀವು ಬರೆದಿರುವುದನ್ನು ನೋಡಿದರೆ ಇದು ಅಪಸ್ಮಾರವಲ್ಲ. ಗರ್ಭಕಾಲದ ರಕ್ತದೊತ್ತಡದ ಕಾಯಿಲೆ ಮಿದುಳನ್ನು ತಟ್ಟಿದಾಗ ಬರುವ ಫಿಟ್ಸ್ ಇದು, ಇದರ ಹೆಸರು ಎಕ್ಲಾಂಪ್ಸಿಯಾ. ಅಪಸ್ಮಾರದಲ್ಲಿ ಫಿಟ್ಸ್ ಮರುಕಳಿಸುವ ಪ್ರವೃತ್ತಿ ಮಿದುಳಿನಲ್ಲೇ ನೆಲೆಸಿರುತ್ತದೆ. ಇಲ್ಲಿ ಕಾರಣ ಹೊರಗಿನಿಂದ ಬಂದದ್ದು, ಅದು ಇಳಿದ ಮೇಲೆ ಫಿಟ್ಸ್ ಕೂಡ ನಿಲ್ಲುತ್ತದೆ. ಆದ್ದರಿಂದ ಫಿಟ್ಸ್ ಮಾತ್ರೆಯನ್ನು ಸಾಮಾನ್ಯವಾಗಿ ಕೆಲವು ವಾರಗಳಿಂದ ಕೆಲವು ತಿಂಗಳವರೆಗೆ ಕೊಟ್ಟು ನಿಲ್ಲಿಸುತ್ತೇವೆ. ಆದರೆ ನೀವಾಗಿ ನಿಲ್ಲಿಸಬೇಡಿ. ಮರುತಪಾಸಣೆಯಲ್ಲಿ ನರರೋಗ ವೈದ್ಯರು ನೋಡಿ ಹಂತಹಂತವಾಗಿ ಇಳಿಸಲಿ.

ಹೆರಿಗೆಯಾದ ಮೇಲೆ ಯಾಕೆ ಎಂಬುದಕ್ಕೆ ಸ್ವಲ್ಪ ಹಿಂದಿನಿಂದ ಹೇಳಬೇಕು. ಈ ಕಾಯಿಲೆಯ ಬೇರು ಮಾಸಿನಲ್ಲಿದೆ (ಪ್ಲಾಸೆಂಟಾ). ಗರ್ಭದ ಮೊದಲ ತಿಂಗಳುಗಳಲ್ಲಿ ಗರ್ಭಕೋಶದ ಸಣ್ಣ ರಕ್ತನಾಳಗಳು ಅಗಲವಾಗಿ ಮಾಸಿಗೆ ಧಾರಾಳ ರಕ್ತ ಹರಿಸಬೇಕು. ಕೆಲವರಲ್ಲಿ ಅದು ಸರಿಯಾಗಿ ಆಗುವುದಿಲ್ಲ. ರಕ್ತ ಸಾಲದ ಮಾಸು ತಾಯಿಯ ರಕ್ತಕ್ಕೆ ಕೆಲವು ಪ್ರೋಟೀನುಗಳನ್ನು ಬಿಡುತ್ತದೆ, ಅವು ದೇಹದ ಎಲ್ಲ ರಕ್ತನಾಳಗಳ ಒಳಪದರವನ್ನು ಹಾಳುಮಾಡುತ್ತವೆ. ಮೂತ್ರಪಿಂಡದಲ್ಲಿ ಹೀಗಾದಾಗ ಮೂತ್ರದಲ್ಲಿ ಪ್ರೋಟೀನು ಹೋಗುತ್ತದೆ, ಯಕೃತ್ತಿನಲ್ಲಿ (ಲಿವರ್) ಆದಾಗ ಎದೆಗುಂಡಿಯ ಕೆಳಗೆ ನೋವು ಬರುತ್ತದೆ, ಮಿದುಳಿನಲ್ಲಿ ಆದಾಗ ತಲೆನೋವು, ದೃಷ್ಟಿದೋಷ, ಫಿಟ್ಸ್. 20 ವಾರಗಳ ನಂತರ ಬಿ.ಪಿ. ಹೊಸದಾಗಿ 140/90 ದಾಟಿ, ಜೊತೆಗೆ ಹೀಗೆ ಒಂದಾದರೂ ಅಂಗ ಬಾಧೆಗೆ ಒಳಗಾಗಿದ್ದರೆ ಅದು ಪ್ರಿ-ಎಕ್ಲಾಂಪ್ಸಿಯಾ. ಮಾಸು ಹೊರಬಿದ್ದಾಗ ಬೇರು ಹೋಯಿತು, ನಿಜ. ಆದರೆ ಹಾನಿಗೊಂಡ ಒಳಪದರ ಅಂದೇ ದುರಸ್ತಿಯಾಗುವುದಿಲ್ಲ. ಮೇಲಾಗಿ, ಗರ್ಭಕಾಲದಲ್ಲಿ ಮೈಯಲ್ಲಿ ತುಂಬಿಕೊಂಡ ನೀರಿನಂಶ ರಕ್ತಕ್ಕೆ ಮರಳುವುದರಿಂದ ಬಿ.ಪಿ. ಹೆರಿಗೆಯ ಮೂರರಿಂದ ಆರನೆಯ ದಿನದ ನಡುವೆ ಅತಿ ಹೆಚ್ಚಿಗೆ ಏರುತ್ತದೆ. ನಮ್ಮಲ್ಲಿ ಬಾಣಂತಿ ಮನೆಗೆ ಬರುವುದೂ ಅದೇ ಹೊತ್ತಿಗೆ. ನಿಮ್ಮ ಮನೆಯಲ್ಲಿ ನಡೆದದ್ದು ಇದೇ. ಹೆರಿಗೆಯ ನಂತರದ ಎಕ್ಲಾಂಪ್ಸಿಯಾ ಹೆಚ್ಚಾಗಿ ಮೊದಲ 48 ಗಂಟೆಗಳಲ್ಲಿ ಕಾಣಿಸಿಕೊಳ್ಳುತ್ತದೆ, ಆದರೆ ವಾರ ಕಳೆದ ಮೇಲೂ ಬರಬಹುದು. ಆರು ವಾರಗಳವರೆಗೆ ಎಚ್ಚರ ಬೇಕು.

ಇನ್ನು ‘ಪ್ರೆಸ್’ (PRES), ಅಂದರೆ ಮಿದುಳಿನ ಹಿಂಭಾಗದಲ್ಲಿ ಬರುವ, ಮರಳಿ ಇಳಿಯಬಲ್ಲ ಊತ. ಮಿದುಳಿನ ರಕ್ತನಾಳಗಳು ಬಿ.ಪಿ. ಏರಿದಾಗ ತಾವಾಗಿ ಕುಗ್ಗಿ, ಒಳಗೆ ಹೋಗುವ ರಕ್ತವನ್ನು ಹದದಲ್ಲಿ ಇಡುತ್ತವೆ. ಅದಕ್ಕೊಂದು ಮಿತಿ ಇದೆ. ಅಡಿಕೆ ತೋಟಕ್ಕೆ ಮದ್ದು ಬಿಡುವ ಪಂಪಿನ ಒತ್ತಡ ಅತಿಯಾದರೆ ಪೈಪಿನ ಜೋಡಣೆಗಳಲ್ಲಿ ನೀರು ಒಸರುವ ಹಾಗೆ, ಮಿತಿ ಮೀರಿದಾಗ ನಾಳದಿಂದ ನೀರಿನಂಶ ಮಿದುಳಿನ ಅಂಗಾಂಶಕ್ಕೆ ಒಸರಿ ಊತ ಬರುತ್ತದೆ. ಒಳಪದರ ಮೊದಲೇ ಹಾಳಾಗಿದ್ದರೆ ಒತ್ತಡ ಅಷ್ಟೇನೂ ಏರದೆಯೂ ಒಸರಬಹುದು. 150ರ ಬಿ.ಪಿ.ಯಲ್ಲೂ ಕೆಲವರಿಗೆ ಫಿಟ್ಸ್ ಬರುವುದು ಅದರಿಂದಲೇ. ಒತ್ತಡ ತಡೆಯುವ ಈ ಶಕ್ತಿ ಮಿದುಳಿನ ಹಿಂಭಾಗದಲ್ಲಿ ಕಡಿಮೆ, ದೃಷ್ಟಿಯ ಕೇಂದ್ರ ಇರುವುದೂ ಅಲ್ಲೇ. ತೊಟ್ಟಿಲು ಪಕ್ಕದಲ್ಲಿದ್ದರೂ ಕಾಣದೆ ಹೋದದ್ದು ಕಣ್ಣಿನ ದೋಷದಿಂದಲ್ಲ, ಮಿದುಳಿನ ಹಿಂಭಾಗದ ಊತದಿಂದ. 1996ರಲ್ಲಿ ಅಮೆರಿಕ, ಫ್ರಾನ್ಸಿನ ವೈದ್ಯರು ಇಂಥ ರೋಗಿಗಳ ಸ್ಕ್ಯಾನುಗಳನ್ನು ಒಟ್ಟಿಗೆ ಇಟ್ಟು ನೋಡಿ ಈ ಚಿತ್ರವನ್ನು ಗುರುತಿಸಿದರು. ಬಿ.ಪಿ. ಹತೋಟಿಗೆ ಬಂದರೆ ಹೆಚ್ಚಿನವರಲ್ಲಿ ಊತ ದಿನಗಳಲ್ಲಿ, ವಾರಗಳಲ್ಲಿ ಇಳಿಯುತ್ತದೆ, ದೃಷ್ಟಿ ಮರಳುತ್ತದೆ. ನಿಮ್ಮ ಹೆಂಡತಿಗೆ ಮರಳಿದೆ ಎಂದು ಓದಿ ತುಂಬ ಸಮಾಧಾನವಾಯಿತು.

ಹಾಲು ಖಂಡಿತ ಕೊಡಲಿ. ಬಿ.ಪಿ.ಗೆ ಸಾಮಾನ್ಯವಾಗಿ ಕೊಡುವ ಲ್ಯಾಬೆಟಲಾಲ್, ನಿಫೆಡಿಪಿನ್, ಎನಲಾಪ್ರಿಲ್ ಹಾಲೂಡಿಸುವ ತಾಯಿ ತೆಗೆದುಕೊಳ್ಳಬಹುದಾದವು. ಫಿಟ್ಸ್ ಮಾತ್ರೆ ಯಾವುದೆಂದು ನೀವು ಬರೆದಿಲ್ಲ, ಡಿಸ್ಚಾರ್ಜ್ ಚೀಟಿ ನೋಡಿ ಹೆಸರು ತಿಳಿಸಿ. ರಾತ್ರಿಯ ಒಂದು ಹೊತ್ತಿನ ಹಾಲನ್ನು ಹಿಂಡಿ ಇಟ್ಟು ಮನೆಯ ಬೇರೆಯವರು ಕುಡಿಸಿದರೆ ಅವಳಿಗೆ ನಾಲ್ಕೈದು ಗಂಟೆ ಒಂದೇ ಸಮನೆ ನಿದ್ದೆ ಸಿಗುತ್ತದೆ. ನಿದ್ದೆಗೇಡು ಫಿಟ್ಸಿಗೆ ಒಳ್ಳೆಯದಲ್ಲ.

ಆ ಕ್ಲಿನಿಕ್ಕಿನ ಬಗ್ಗೆ ಒಂದು ಮಾತು ಹೇಳದಿರಲಾರೆ. ಹೆರಿಗೆಯಾಗಿ ಐದು ದಿನವಾದ ಹೆಣ್ಣು ತಲೆನೋವು ಎಂದು ಬಂದರೆ ಮಾತ್ರೆ ಬರೆಯುವ ಮೊದಲು ತೋಳಿಗೆ ಬಿ.ಪಿ. ಪಟ್ಟಿ ಸುತ್ತಬೇಕು. ಎರಡು ನಿಮಿಷದ ಕೆಲಸ. ಈ ಬಳಗದಲ್ಲಿ ನರ್ಸುಗಳೂ ಫಾರ್ಮಸಿಯವರೂ ಇದ್ದೀರಿ, ದಯವಿಟ್ಟು ಇದನ್ನು ಬಿಡಬೇಡಿ.

ಪ್ರಶ್ನೆ (ಪೈವಳಿಕೆ ಕಡೆಯ ಆಶಾ ಕಾರ್ಯಕರ್ತೆ):

ಮೇಡಂ, ಬಾಣಂತಿ ಮನೆಗಳಿಗೆ ನಾನು ಹೋಗುತ್ತಿರುತ್ತೇನೆ. ತಲೆನೋವು ಇದೆ ಎಂದು ಹತ್ತರಲ್ಲಿ ಐದು ಜನ ಹೇಳುತ್ತಾರೆ. ಯಾವುದು ನಿದ್ದೆಗೆಟ್ಟ ತಲೆನೋವು, ಯಾವುದು ಅಪಾಯದ್ದು ಎಂದು ಹೇಗೆ ತಿಳಿಯುವುದು? ಸಿಸೇರಿಯನ್ ಆದವರಿಗೆ ಬೆನ್ನಿನ ಇಂಜೆಕ್ಷನ್ನಿನಿಂದ ತಲೆನೋವು ಬರುತ್ತದೆ ಎಂದೂ ಹೇಳುತ್ತಾರೆ.

ಉತ್ತರ:

ಅಕ್ಕ, ಕೇಳಿ ತಿಳಿಯುವ ಮೊದಲು ಅಳೆದು ತಿಳಿಯಿರಿ. ತಲೆನೋವಿನ ಬಗೆಯನ್ನು ಎಷ್ಟೇ ವಿಚಾರಿಸಿದರೂ ಬಿ.ಪಿ. ಅಂಕಿ ಇಲ್ಲದೆ ತೀರ್ಮಾನ ಮಾಡಬೇಡಿ. ಐದು ನಿಮಿಷ ಸುಮ್ಮನೆ ಕೂರಿಸಿ, ಬೆನ್ನಿಗೆ ಆಧಾರ ಕೊಡಿ, ಕಾಲು ನೆಲಕ್ಕೆ ತಾಗಿರಲಿ, ತೋಳು ಎದೆಯ ಮಟ್ಟದಲ್ಲಿರಲಿ. ಮಗುವನ್ನು ಎತ್ತಿಕೊಂಡು ಅಥವಾ ಮಾತನಾಡುತ್ತ ಇರುವಾಗ ಅಳೆಯಬೇಡಿ. ತೋಳು ದಪ್ಪವಿದ್ದರೆ ದೊಡ್ಡ ಪಟ್ಟಿಯೇ ಬೇಕು, ಚಿಕ್ಕ ಪಟ್ಟಿ ಸುಳ್ಳಾಗಿ ಹೆಚ್ಚು ತೋರಿಸುತ್ತದೆ. 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅಂದೇ ವೈದ್ಯರಿಗೆ ತಿಳಿಸಬೇಕು. ಮೇಲಿನದು 160 ಅಥವಾ ಕೆಳಗಿನದು 110 ಮುಟ್ಟಿದರೆ, ತಲೆನೋವು ಇರಲಿ ಇಲ್ಲದಿರಲಿ, ಅದು ತುರ್ತು. ಹದಿನೈದು ನಿಮಿಷದ ನಂತರ ಇನ್ನೊಮ್ಮೆ ನೋಡಿ, ಆ ಹೊತ್ತಿನಲ್ಲೇ ವಾಹನ ಕರೆಸಿ. ಅಂಥ ಬಿ.ಪಿ.ಯನ್ನು ಆಸ್ಪತ್ರೆಯಲ್ಲಿ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಇಳಿಸಲು ಶುರು ಮಾಡಬೇಕು.

ಬೆನ್ನಿನ ಇಂಜೆಕ್ಷನ್ನಿನ ತಲೆನೋವಿಗೆ ಒಂದು ಗುರುತು ಇದೆ: ಎದ್ದು ಕುಳಿತರೆ ಹೆಚ್ಚುತ್ತದೆ, ಮಲಗಿದರೆ ಬಹಳಷ್ಟು ಇಳಿಯುತ್ತದೆ. ಮಲಗಿದರೂ ಇಳಿಯದ, ಪ್ಯಾರಸಿಟಮಾಲ್‌ಗೆ ಬಗ್ಗದ, ಕಣ್ಣು ಮಂಜಾಗುವ ಅಥವಾ ಮಿಂಚು ಕಾಣಿಸುವ, ವಾಂತಿ ಜೊತೆಗಿರುವ, ಎದೆಗುಂಡಿಯ ಕೆಳಗೋ ಬಲ ಪಕ್ಕೆಲುಬಿನ ಕೆಳಗೋ ನೋವಿರುವ ತಲೆನೋವು ಅಪಾಯದ್ದು. ಮಾತಿನಲ್ಲಿ ಗೊಂದಲ, ಕೇಳಿದ್ದಕ್ಕೆ ತಡವಾಗಿ ಉತ್ತರ, ಸಿಡಿಮಿಡಿ, ಎಲ್ಲವನ್ನೂ ದಿಟ್ಟಿಸುವುದು, ಇವನ್ನೂ ಹಗುರವಾಗಿ ನೋಡಬೇಡಿ. ಮನೆಯವರು ಸನ್ನಿ ಎನ್ನುವುದು ಹಲವು ಸಲ ಇದನ್ನೇ. ಇನ್ನೊಂದು ಬಗೆ ಇದೆ: ಕ್ಷಣಮಾತ್ರದಲ್ಲಿ ಸಿಡಿಲು ಬಡಿದಂತೆ ತುದಿಗೇರುವ ತಲೆನೋವು. ಮಿದುಳಿನ ರಕ್ತನಾಳಗಳು ಒಮ್ಮೆಗೇ ಸೆಟೆದುಕೊಂಡಾಗಲೂ ರಕ್ತಸ್ರಾವವಾದಾಗಲೂ ಹೀಗಾಗಬಹುದು. ಅಂಥವರ ಬಿ.ಪಿ. ಸರಿಯಿದ್ದರೂ ಸ್ಕ್ಯಾನ್ ಆಗಲೇಬೇಕು.

ನಮ್ಮ ಕೇರಳ-ಕರ್ನಾಟಕ ಗಡಿಯ ಕಡೆಯ ತೊಡಕು ಒಂದಿದೆ. ಮನೆಮಾತು ಕನ್ನಡ ಅಥವಾ ತುಳು, ಆಸ್ಪತ್ರೆಯ ಕೌಂಟರಿನಲ್ಲಿ ಮಲಯಾಳ, ಚೀಟಿ ಇಂಗ್ಲಿಷಿನಲ್ಲಿ. ನೋವಿನಲ್ಲಿರುವ ಹುಡುಗಿ ಹೇಳಬೇಕಾದ್ದನ್ನು ಅರ್ಧಕ್ಕೆ ಬಿಡುತ್ತಾಳೆ. ತಾಯಿ ಕಾರ್ಡಿನ ಹಿಂಬದಿಯಲ್ಲಿ ಹೆರಿಗೆಯ ದಿನಾಂಕ, ನೀವು ಅಳೆದ ಬಿ.ಪಿ. ಮತ್ತು ಗಂಟೆ, ದೃಷ್ಟಿಯಲ್ಲಿ ಏನಾಗುತ್ತಿದೆ ಎಂಬುದನ್ನು ಬರೆದು ಕೊಟ್ಟು ಕಳುಹಿಸಿ. ಕೌಂಟರಿನಲ್ಲಿ ಮೊದಲು ಹೇಳಬೇಕಾದ್ದು ‘ತಲೆನೋವು’ ಎಂದಲ್ಲ, ‘ಪ್ರಸವ ಆಗಿ ಇಷ್ಟು ದಿನ, ಬಿ.ಪಿ. ಇಷ್ಟು’ ಎಂದು. ಪ್ರಸವ ಎಂಬ ಮಾತು ಮಲಯಾಳದಲ್ಲೂ ಅದೇ.

ಪ್ರಶ್ನೆ (ಮಂಜೇಶ್ವರದಿಂದ ಒಬ್ಬ ಹಿರಿಯ ಮಹಿಳೆ):

ನನ್ನ ಸೊಸೆ ಬಾಣಂತಿ. ನಮ್ಮ ಕಾಲದಲ್ಲಿ ಬಾಣಂತಿಗೆ ನೀರು ಕೊಡುತ್ತಿರಲಿಲ್ಲ, ಹೊಟ್ಟೆ ದೊಡ್ಡದಾಗುತ್ತದೆ, ನೆಗಡಿಯಾಗುತ್ತದೆ ಎನ್ನುತ್ತಿದ್ದರು. ಸೊಸೆ ನೀರು ಕೇಳುತ್ತಾಳೆ. ಬಿಸಿನೀರಿನ ಸ್ನಾನ, ಕಾಳುಮೆಣಸು, ಶುಂಠಿ, ಲೇಹ್ಯ ಇವುಗಳಿಂದ ಬಿ.ಪಿ. ಏರುತ್ತದೆಯೇ?

ಉತ್ತರ:

ಅಮ್ಮಾ, ಕೇಳಿದ್ದು ಬಹಳ ಒಳ್ಳೆಯದಾಯಿತು. ಸೊಸೆಗೆ ನೀರು ಕೊಡಿ, ಬಾಯಾರಿದಾಗಲೆಲ್ಲ ಕೊಡಿ. ಬಿಸಿ ಮಾಡಿ ಆರಿಸಿದ ನೀರು, ಜೀರಿಗೆ ನೀರು, ಗಂಜಿ ತಿಳಿ ಏನಾದರೂ ಆದೀತು.

ಕಾರಣ ಹೀಗಿದೆ. ಹೆರಿಗೆಯಲ್ಲಿ ರಕ್ತ ಹೆಚ್ಚು ಹೋಗದಿರಲಿ ಎಂದು ದೇಹವೇ ಗರ್ಭಕಾಲದಲ್ಲಿ ರಕ್ತವನ್ನು ಬೇಗ ಹೆಪ್ಪುಗಟ್ಟುವ ಸ್ಥಿತಿಗೆ ತರುತ್ತದೆ, ಹೆರಿಗೆಯ ನಂತರ ಕೆಲವು ವಾರ ಹಾಗೆಯೇ ಇರುತ್ತದೆ. ಅದಕ್ಕೆ ನೀರಿನ ಕೊರತೆ ಸೇರಿದರೆ ಮಿದುಳಿನಿಂದ ರಕ್ತವನ್ನು ಹೊರಗೆ ಒಯ್ಯುವ ಸಿರೆಗಳಲ್ಲಿ ಹೆಪ್ಪು ಕೂರಬಹುದು. ಇದಕ್ಕೆ ಬಿ.ಪಿ. ಏರಿರಲೇಬೇಕೆಂದಿಲ್ಲ. ಭಾರತದಲ್ಲಿ ಬಾಣಂತಿಯರ ಪಾರ್ಶ್ವವಾಯುವಿಗೆ ಇದು ಬಹಳ ಕಾಲದಿಂದ ಗುರುತಿಸಲ್ಪಟ್ಟ ಕಾರಣ. ನೀರು ಕಡಿಮೆ ಕೊಡುವ ಪದ್ಧತಿಯನ್ನು ನಮ್ಮ ದೇಶದ ನರರೋಗ ವೈದ್ಯರು ಇದರ ಜೊತೆಗೆ ಮತ್ತೆ ಮತ್ತೆ ಎತ್ತಿ ಹೇಳಿದ್ದಾರೆ. ಇದರ ತಲೆನೋವು ಹೆಚ್ಚಾಗಿ ದಿನದಿಂದ ದಿನಕ್ಕೆ ಏರುತ್ತ ಹೋಗುತ್ತದೆ, ಮಲಗಿದಾಗ ಅಥವಾ ಕೆಮ್ಮಿದಾಗ ಜಾಸ್ತಿ. ಆಮೇಲೆ ಫಿಟ್ಸ್, ಒಂದು ಕೈಕಾಲಿನಲ್ಲಿ ಶಕ್ತಿ ಕುಂದುವುದು. ಎಂ.ಆರ್.ಐ. ಜೊತೆ ಸಿರೆಗಳ ಚಿತ್ರವನ್ನೂ ತೆಗೆದರೆ ಗೊತ್ತಾಗುತ್ತದೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿಯಿಂದ ಹೆಚ್ಚಿನವರು ಗುಣವಾಗುತ್ತಾರೆ. ಎಕ್ಲಾಂಪ್ಸಿಯಾ ಎಂದುಕೊಂಡು ಇದನ್ನು, ಇದೆಂದುಕೊಂಡು ಎಕ್ಲಾಂಪ್ಸಿಯಾವನ್ನು ಬಿಟ್ಟುಬಿಡುವ ಸಂಭವ ಇರುವುದರಿಂದಲೇ ಸ್ಕ್ಯಾನ್‌ಗೆ ಒತ್ತಾಯಿಸುತ್ತೇವೆ.

ಕಾಳುಮೆಣಸು, ಶುಂಠಿ ಅಡುಗೆಯ ಪ್ರಮಾಣದಲ್ಲಿ ಇರಲಿ. ಸ್ನಾನವೂ ಇರಲಿ, ಆದರೆ ಬಚ್ಚಲಲ್ಲಿ ಹೊಗೆ ತುಂಬದಂತೆ ನೋಡಿ, ಅವಳನ್ನು ಒಬ್ಬಳೇ ಬಿಡಬೇಡಿ. ಲೇಹ್ಯದ ವಿಷಯದಲ್ಲಿ ಮಾತ್ರ ಒಂದು ಎಚ್ಚರ: ಅದಕ್ಕೆ ಅತಿಮಧುರ ಹಾಕಿದ್ದಾರೆಯೇ ಎಂದು ವೈದ್ಯರನ್ನು ಕೇಳಿ. ಕೆಲವು ಕಡೆ ಜ್ಯೇಷ್ಠಮಧು ಎನ್ನುತ್ತಾರೆ. ದಿನವೂ ತೆಗೆದುಕೊಂಡರೆ ಅದು ಬಿ.ಪಿ. ಏರಿಸುತ್ತದೆ, ರಕ್ತದ ಪೊಟ್ಯಾಸಿಯಂ ಇಳಿಸುತ್ತದೆ. ಬಿ.ಪಿ. ಇದ್ದ ಬಾಣಂತಿಗೆ ಅದು ಬೇಡ. ಸೊಸೆಗೆ ಗರ್ಭಕಾಲದಲ್ಲಿ ಬಿ.ಪಿ. ಇತ್ತೇ ಎಂದು ನೀವು ಬರೆದಿಲ್ಲ. ಇದ್ದಿರಲಿ ಇಲ್ಲದಿರಲಿ, ಈ ವಾರ ಒಮ್ಮೆ ಅಳೆಸಿ.

ಪ್ರಶ್ನೆ (ಕುಂಬಳೆಯ ಒಬ್ಬ ಸದಸ್ಯೆ):

ನನ್ನ ಅಕ್ಕನಿಗೆ ಎಂಟನೆಯ ತಿಂಗಳಲ್ಲಿ ಬಿ.ಪಿ. ಏರಿ, ಫಿಟ್ಸ್ ಬಾರದಿದ್ದರೂ ಫಿಟ್ಸಿನ ಇಂಜೆಕ್ಷನ್ ಕೊಟ್ಟರು. ಮೈಯೆಲ್ಲ ಬೆಂಕಿ ಹತ್ತಿದ ಹಾಗಾಯಿತು ಎಂದು ಈಗಲೂ ಹೇಳುತ್ತಾಳೆ. ಪೃಷ್ಠದ ಎರಡೂ ಕಡೆ ಚುಚ್ಚಿದ್ದರು, ವಾರಗಟ್ಟಲೆ ನೋವು. ಅಷ್ಟು ಬೇಕಿತ್ತೇ?

ಉತ್ತರ:

ಬೇಕಿತ್ತು. ಅದು ಮೆಗ್ನೀಸಿಯಂ ಸಲ್ಫೇಟ್. ರಕ್ತನಾಳಗಳನ್ನು ಅಗಲಿಸುವುದರಿಂದ ಮೈ, ಮುಖ ಬಿಸಿಯಾಗುತ್ತದೆ. ಕೊಡುವ ಮೊದಲು ಯಾರಾದರೂ ಇದನ್ನು ಹೇಳಿದ್ದರೆ ನಿಮ್ಮ ಅಕ್ಕ ಅಷ್ಟು ಹೆದರುತ್ತಿರಲಿಲ್ಲ. ಇದು ನೋವಿನ ಇಂಜೆಕ್ಷನ್ನೇ ಹೌದು: ಒಂದು ಪದ್ಧತಿಯಲ್ಲಿ ರಕ್ತನಾಳಕ್ಕೆ 4 ಗ್ರಾಂ, ಜೊತೆಗೆ ಪೃಷ್ಠದ ಎರಡೂ ಬದಿಗೆ 5 ಗ್ರಾಂನಂತೆ ಕೊಡುತ್ತಾರೆ. ಪಂಪಿನ ಮೂಲಕ ರಕ್ತನಾಳಕ್ಕೆ ಮಾತ್ರ ಕೊಡುವ ಪದ್ಧತಿಯೂ ಇದೆ. ಹೆರಿಗೆಯ ಅಥವಾ ಕೊನೆಯ ಫಿಟ್ಸಿನ ನಂತರ 24 ಗಂಟೆ ಮುಂದುವರಿಸುತ್ತಾರೆ.

ಅಪಸ್ಮಾರದ ಔಷಧಿಗಳಿಗಿಂತ ಇದೇ ಮೇಲು ಎಂಬುದು ಊಹೆಯಲ್ಲ. 1995ರಲ್ಲಿ ಪ್ರಕಟವಾದ ಹಲವು ದೇಶಗಳ ಅಧ್ಯಯನದಲ್ಲಿ ಎಕ್ಲಾಂಪ್ಸಿಯಾ ಬಂದವರಿಗೆ ಡಯಾಜೆಪಾಮ್ ಅಥವಾ ಫೆನಿಟಾಯಿನ್ ಕೊಟ್ಟದ್ದಕ್ಕಿಂತ ಮೆಗ್ನೀಸಿಯಂ ಕೊಟ್ಟಾಗ ಮತ್ತೆ ಫಿಟ್ಸ್ ಬರುವುದು ಅರ್ಧಕ್ಕಿಂತ ಕಡಿಮೆಯಾಯಿತು. ಫಿಟ್ಸ್ ಇನ್ನೂ ಬಾರದವರ ಮೇಲೆ 33 ದೇಶಗಳ ಸುಮಾರು 10,000 ಹೆಂಗಸರಲ್ಲಿ ನಡೆದ ಮ್ಯಾಗ್‌ಪೈ ಅಧ್ಯಯನ 2002ರಲ್ಲಿ ಬಂತು. ಅದರಲ್ಲಿ ಮೆಗ್ನೀಸಿಯಂ ಪಡೆಯದವರಲ್ಲಿ ಶೇ. 1.9, ಪಡೆದವರಲ್ಲಿ ಶೇ. 0.8 ಮಂದಿಗೆ ಫಿಟ್ಸ್ ಬಂತು.

ಪ್ರಮಾಣ ಮೀರಿದರೆ ಉಸಿರಾಟ ಕುಗ್ಗುವ ಅಪಾಯವಿದೆ. ಆದ್ದರಿಂದ ನರ್ಸ್ ಬಂದು ಸಣ್ಣ ಸುತ್ತಿಗೆಯಿಂದ ಮೊಣಕಾಲಿನ ಕೆಳಗೆ ತಟ್ಟಿ ಕಾಲು ಜಿಗಿಯುತ್ತದೆಯೇ ನೋಡುತ್ತಾರೆ, ಉಸಿರು ಎಣಿಸುತ್ತಾರೆ, ಮೂತ್ರದ ಚೀಲದ ಗೆರೆ ನೋಡಿ ಬರೆದುಕೊಳ್ಳುತ್ತಾರೆ. ಮೆಗ್ನೀಸಿಯಂ ಹೊರಹೋಗುವುದು ಮೂತ್ರದ ಮೂಲಕವೇ. ಮೊಣಕಾಲಿನ ಜಿಗಿತ ನಿಂತರೆ ಮುಂದಿನ ಡೋಸ್ ತಡೆಯುತ್ತಾರೆ. ಉಸಿರಾಟ ಕುಗ್ಗಿದರೆ ಕೊಡಲು ಕ್ಯಾಲ್ಸಿಯಂ ಗ್ಲುಕೋನೇಟ್ ಪಕ್ಕದಲ್ಲೇ ಇಟ್ಟಿರುತ್ತಾರೆ. ಸುತ್ತಿಗೆ ಹಿಡಿದು ಬಂದವರನ್ನು ನೋಡಿ ಬಂಧುಗಳು ಗಾಬರಿಯಾಗಬೇಡಿ, ಅವರು ಬಾರದಿದ್ದರೆ ಕೇಳಿ ಕರೆಸಿ.

ಪ್ರತಿಕ್ರಿಯೆ (ಮುಳ್ಳೇರಿಯಾದ ಒಬ್ಬ ಸದಸ್ಯರು):

ಮೇಡಂ ಬೇಸರಿಸಬಾರದು. ನನ್ನ ಹೆಂಡತಿಗೆ ಎರಡೂ ಹೆರಿಗೆಯಲ್ಲಿ 150 ಇತ್ತು, ಏನೂ ಆಗಲಿಲ್ಲ. ಹೀಗೆ ಬರೆದರೆ ಹೆಂಗಸರು ಸುಮ್ಮನೆ ಹೆದರುತ್ತಾರೆ, ಹೆದರಿದರೆ ಬಿ.ಪಿ. ಇನ್ನೂ ಏರುತ್ತದೆ.

ಉತ್ತರ:

ಬೇಸರವಿಲ್ಲ. ಏನೂ ಆಗಲಿಲ್ಲ ಎಂಬುದು ಸಂತೋಷದ ವಿಷಯ, ಹೆಚ್ಚಿನವರಿಗೆ ಹಾಗೆಯೇ ಆಗುತ್ತದೆ. ಮೇಲೆ ಹೇಳಿದ ಅಧ್ಯಯನದಲ್ಲೂ ಮೆಗ್ನೀಸಿಯಂ ಇಲ್ಲದೆ ಫಿಟ್ಸ್ ಬಂದದ್ದು ನೂರಕ್ಕೆ ಇಬ್ಬರಿಗೆ. ಆದರೆ ಆ ಇಬ್ಬರು ಯಾರು ಎಂದು ಮೊದಲೇ ಹೇಳಲು ನಮಗೆ ಸಾಧ್ಯವಿಲ್ಲ. ಭಯದಿಂದ ಬಿ.ಪಿ. ಏರುವುದನ್ನು ಮಾತನಾಡಿಸಿ ಇಳಿಸಬಹುದು, ಗೊತ್ತಿಲ್ಲದೆ ಏರಿದ್ದನ್ನು ಇಳಿಸುವವರು ಯಾರು? ಮೊದಲ ಪ್ರಶ್ನೆ ಕೇಳಿದ ಮನೆಯವರಿಗೆ ತಲೆನೋವು ಯಾಕೆ ಬರಬಹುದೆಂದು ಒಬ್ಬರಾದರೂ ಹೇಳಿದ್ದರೆ ಆ ರಾತ್ರಿಯೇ ಬರುತ್ತಿರಲಿಲ್ಲ.

ಪ್ರಶ್ನೆ (ಉಪ್ಪಳದ ಆಟೋ ಚಾಲಕರು):

ದಾರಿಯಲ್ಲೋ ಮನೆಯಲ್ಲೋ ಫಿಟ್ಸ್ ಬಂದರೆ ನಾವು ಏನು ಮಾಡಬೇಕು? ನೇರ ಮಂಗಳೂರಿಗೆ ಓಡಿಸುವುದೇ ಸರಿಯೇ?

ಉತ್ತರ:

ಎಡ ಮಗ್ಗುಲಿಗೆ ಮಲಗಿಸಿ, ಜೊಲ್ಲು, ವಾಂತಿ ಹೊರಗೆ ಹರಿಯಲಿ. ಸುತ್ತ ಇರುವ ಗಟ್ಟಿ ವಸ್ತುಗಳನ್ನು ಸರಿಸಿ. ಬಾಯಿಗೆ ಚಮಚ, ಬಟ್ಟೆ, ಬೆರಳು, ನೀರು ಏನನ್ನೂ ಹಾಕಬೇಡಿ. ಕಬ್ಬಿಣ ಹಿಡಿಸುವುದರಿಂದ, ಈರುಳ್ಳಿ ಮೂಸಿಸುವುದರಿಂದ ಫಿಟ್ಸ್ ನಿಲ್ಲುವುದಿಲ್ಲ. ಹೆಚ್ಚಿನ ಫಿಟ್ಸ್ ಒಂದೆರಡು ನಿಮಿಷದಲ್ಲಿ ತಾನಾಗಿ ನಿಲ್ಲುವುದರಿಂದ ಫಿಟ್ಸ್ ನಿಲ್ಲಿಸುತ್ತದೆ ಎಂಬ ಹೆಸರು ಬೀಗದ ಕೈಗೆ ಬಂದಿದೆ. ಮೊಬೈಲಿನಲ್ಲಿ ಗಂಟೆ ನೋಡಿಕೊಳ್ಳಿ, ಸಾಧ್ಯವಿದ್ದರೆ ಕೆಲವು ಕ್ಷಣ ವಿಡಿಯೋ ಮಾಡಿ, ನಮಗೆ ಅದು ತುಂಬ ಉಪಯೋಗ. 108ಕ್ಕೆ ಕರೆ ಮಾಡಿ. ಕರೆಯುವಾಗ ಗರ್ಭಿಣಿ ಅಥವಾ ಬಾಣಂತಿ ಎಂದು ಹೇಳಲು ಮರೆಯಬೇಡಿ.

ಎರಡನೆಯ ಪ್ರಶ್ನೆಗೆ ನನ್ನ ಉತ್ತರ ಸ್ಪಷ್ಟ: ಹೆರಿಗೆ ಮಾಡಿಸುವ ಹತ್ತಿರದ ಆಸ್ಪತ್ರೆಗೆ ಮೊದಲು. ಕಾಸರಗೋಡಿನಿಂದ ಮಂಗಳೂರಿಗೆ 50 ಕಿಲೋಮೀಟರ್. ಹೆದ್ದಾರಿಯಲ್ಲಿ ವಾಹನ ನಿಂತರೆ ಎಷ್ಟು ಹೊತ್ತೆಂದು ನಿಮಗೇ ಗೊತ್ತು. ದಾರಿಯಲ್ಲಿ ಇನ್ನೊಂದು ಫಿಟ್ಸ್ ಬಂದು ವಾಂತಿ ಶ್ವಾಸಕೋಶಕ್ಕೆ ಇಳಿದರೆ ದೊಡ್ಡ ಆಸ್ಪತ್ರೆ ತಲುಪಿಯೂ ಪ್ರಯೋಜನವಿಲ್ಲ. ಮೆಗ್ನೀಸಿಯಂನ ಮೊದಲ ಡೋಸ್ ಮತ್ತು ಬಿ.ಪಿ. ಇಳಿಸುವ ಔಷಧಿ ಹತ್ತಿರದಲ್ಲೇ ಸಿಗಲಿ, ಆಮೇಲೆ ಆಂಬ್ಯುಲೆನ್ಸಿನಲ್ಲಿ ನರ್ಸ್ ಜೊತೆಗೆ ಮುಂದೆ ಕಳುಹಿಸಲಿ. ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆಯೂ ಇದೇ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನಿಗೆ ತಲಪಾಡಿಯಲ್ಲಿ ಗಡಿ ಮುಚ್ಚಿ ಆಂಬ್ಯುಲೆನ್ಸುಗಳೂ ತಡೆಯಲ್ಪಟ್ಟದ್ದನ್ನು ನಮ್ಮ ಜಿಲ್ಲೆ ಮರೆತಿಲ್ಲ. ಪ್ರಥಮ ಚಿಕಿತ್ಸೆ ಗಡಿಯ ಈಚೆಗೇ ಆಗಬೇಕು ಎಂಬ ಹಟ ನನಗೆ ಅಂದಿನಿಂದ ಇನ್ನೂ ಗಟ್ಟಿಯಾಗಿದೆ.

ಪ್ರಶ್ನೆ (ನೀರ್ಚಾಲಿನ ಸದಸ್ಯೆ):

ನಮ್ಮ ಸಂಬಂಧಿಕಳೊಬ್ಬಳಿಗೆ ಫಿಟ್ಸ್ ಬರಲಿಲ್ಲ, ನೇರವಾಗಿ ಬಲಗೈ ಬಲಗಾಲು ಬಿದ್ದುಹೋಯಿತು. ಪ್ಲೇಟ್‌ಲೆಟ್ ಕಡಿಮೆ ಎಂದಿದ್ದರು. ಅದೂ ಇದೇ ಕಾಯಿಲೆಯೇ?

ಉತ್ತರ:

ಅದೇ ಕಾಯಿಲೆಯ ಅತಿ ಕಠಿಣ ಮುಖ. ರಕ್ತನಾಳ ಒಸರುವಲ್ಲಿಗೆ ನಿಲ್ಲದೆ ಒಡೆದರೆ ಮಿದುಳಿನ ರಕ್ತಸ್ರಾವ. ಈ ಕಾಯಿಲೆಯಲ್ಲಿ ತಾಯಂದಿರ ಸಾವಿಗೆ ಮುಖ್ಯ ಕಾರಣಗಳಲ್ಲಿ ಅದೊಂದು. ಪ್ಲೇಟ್‌ಲೆಟ್ ಇಳಿದು, ಯಕೃತ್ತಿನ ಕಿಣ್ವಗಳು ಏರಿ, ಕೆಂಪು ರಕ್ತಕಣಗಳು ಒಡೆಯುವ ಸ್ಥಿತಿಗೆ ಹೆಲ್ಪ್ (HELLP) ಎಂದು ಹೆಸರು. ಅದಿದ್ದರೆ ರಕ್ತಸ್ರಾವದ ಅಪಾಯ ಇನ್ನೂ ಹೆಚ್ಚು. ಮಿದುಳಿನ ರಕ್ತಸ್ರಾವದ ಮಟ್ಟಿಗೆ ಮೇಲಿನ ಅಂಕಿಯೇ ಬಹಳ ಮುಖ್ಯ. ಕೆಳಗಿನದು 100ರೊಳಗಿದೆ ಎಂದು ಮೇಲಿನ 165ನ್ನು ಕಡೆಗಣಿಸುವ ಹಾಗಿಲ್ಲ. ಬಾಯಿ ಒಂದು ಕಡೆಗೆ ವಾಲುವುದು, ಕೈ ಎತ್ತಲಾಗದಿರುವುದು, ಮಾತು ತೊದಲುವುದು ಕಂಡರೆ ಮಾತ್ರ ಹತ್ತಿರದ ಆಸ್ಪತ್ರೆಯ ಬದಲು ಸಿ.ಟಿ. ಸ್ಕ್ಯಾನ್ ಇರುವಲ್ಲಿಗೇ ಹೋಗಬೇಕು.

ಬಿ.ಪಿ. ಇದ್ದ ಬಾಣಂತಿಗೆ ಹೆರಿಗೆಯ ನಂತರದ ರಕ್ತಸ್ರಾವ ನಿಲ್ಲಿಸಲು ಕೊಡುವ ಮೆಥರ್ಜಿನ್ ಸೂಕ್ತವಲ್ಲ, ಬೇರೆ ಔಷಧಿಗಳಿವೆ. ಮಗು ಉಳಿಯದ ತಾಯಂದಿರಿಗೆ ಹಾಲು ಬತ್ತಿಸಲು ಬ್ರೋಮೊಕ್ರಿಪ್ಟಿನ್ ಮಾತ್ರೆ ಬರೆಯುವುದುಂಟು. ಬಿ.ಪಿ. ಇದ್ದವರಿಗೆ ಅದೂ ಬೇಡ. ಆ ತಾಯಂದಿರನ್ನು ಮನೆಯಲ್ಲಿ ಯಾರೂ ಬಾಣಂತಿ ಎಂದು ನೋಡಿಕೊಳ್ಳುವುದಿಲ್ಲ, ಬಿ.ಪಿ.ಯನ್ನೂ ಯಾರೂ ಅಳೆಯುವುದಿಲ್ಲ. ಆಶಾ ಅಕ್ಕಂದಿರು ಆ ಮನೆಗಳಿಗೆ ತಪ್ಪದೆ ಹೋಗಿ.

ಪ್ರಶ್ನೆ (ಮೊದಲು ಕೇಳಿದ ಸದಸ್ಯರು):

ತುಂಬ ಉಪಕಾರವಾಯಿತು ಮೇಡಂ. ಮಾತ್ರೆಯ ಹೆಸರು ಲೆವೆಟಿರಾಸಿಟಮ್. ಇನ್ನೆರಡು ಸಂದೇಹ. ಅವಳಿಗೆ ಈಗ ಮರೆವು ಬಹಳ, ಅಡುಗೆಮನೆಗೆ ಹೋಗಿ ಯಾಕೆ ಬಂದೆ ಎಂದು ನಿಲ್ಲುತ್ತಾಳೆ. ಮುಂದೆ ಎರಡನೆಯ ಮಗು ಬೇಕೆಂದರೆ? ಮತ್ತೆ, ಇಂದು ಬೆಳಿಗ್ಗೆ ಮನೆಯ ಯಂತ್ರದಲ್ಲಿ 148/96 ಬಂತು, ತಲೆನೋವಿಲ್ಲ.

ಉತ್ತರ:

ಲೆವೆಟಿರಾಸಿಟಮ್ ಇರುವಾಗ ಹಾಲು ಕೊಡಬಹುದು. ಮಗು ಅತಿಯಾಗಿ ಮಲಗುತ್ತದೆಯೇ, ಸರಿಯಾಗಿ ಚೀಪುತ್ತದೆಯೇ ಎಂದು ಗಮನಿಸಿ. ಈ ಮಾತ್ರೆ ಕೆಲವರಲ್ಲಿ ಸಿಟ್ಟು, ಅಳು, ಬೇಸರ ತರುತ್ತದೆ. ಹಾಗೇನಾದರೂ ಕಂಡರೆ ಬಾಣಂತಿಯ ಬೇಸರ ಎಂದು ಬಿಡದೆ ವೈದ್ಯರಿಗೆ ಹೇಳಿ.

ಮರೆವು ಎಕ್ಲಾಂಪ್ಸಿಯಾ ದಾಟಿದ ಅನೇಕರು ಹೇಳುವ ದೂರು. ಮಿದುಳು ಚೇತರಿಸಿಕೊಳ್ಳುತ್ತಿದೆ, ನಿದ್ದೆ ಸಾಲದು, ಆ ರಾತ್ರಿಯ ಭಯವೂ ಒಳಗೆ ಉಳಿದಿರುತ್ತದೆ. ಮೂರ್ನಾಲ್ಕು ತಿಂಗಳ ನಂತರವೂ ಕೆಲಸಕ್ಕೆ ಅಡ್ಡಿಯಾಗುವಷ್ಟು ಇದ್ದರೆ ಪರೀಕ್ಷೆ ಮಾಡಿಸೋಣ. ‘ಇಷ್ಟು ಮರೆತರೆ ಹೇಗೆ’ ಎಂದು ಮನೆಯಲ್ಲಿ ಯಾರೂ ಅನ್ನದಂತೆ ನೋಡಿಕೊಳ್ಳುವುದು ನಿಮ್ಮ ಜವಾಬ್ದಾರಿ.

ಎರಡನೆಯ ಮಗುವಿಗೆ ಅಡ್ಡಿಯಿಲ್ಲ. ಹೆಚ್ಚಿನವರಿಗೆ ಇದು ಮರುಕಳಿಸುವುದಿಲ್ಲ, ಆದರೂ ಇತರರಿಗಿಂತ ಅಪಾಯ ಹೆಚ್ಚು. ಆದ್ದರಿಂದ ಗರ್ಭ ನಿಂತದ್ದು ಗೊತ್ತಾದ ಕೂಡಲೇ ವೈದ್ಯರ ಬಳಿ ಹೋಗಿ ಈ ವರದಿ ತೋರಿಸಬೇಕು. 12ನೆಯ ವಾರದ ಹೊತ್ತಿಗೆ, 16 ವಾರ ದಾಟುವ ಮೊದಲು, ಕಡಿಮೆ ಪ್ರಮಾಣದ ಆಸ್ಪಿರಿನ್ ಆರಂಭಿಸುತ್ತಾರೆ. ಹೆಚ್ಚು ಅಪಾಯವಿದ್ದವರಿಗೆ ರಾತ್ರಿ 150 ಮಿಲಿಗ್ರಾಂ ಕೊಟ್ಟಾಗ 37 ವಾರಕ್ಕೆ ಮೊದಲೇ ಹೆರಿಗೆ ಮಾಡಿಸಬೇಕಾಗುವ ಪ್ರಿ-ಎಕ್ಲಾಂಪ್ಸಿಯಾ ಅರ್ಧಕ್ಕಿಂತ ಹೆಚ್ಚು ತಗ್ಗಿತೆಂದು 2017ರ ಆಸ್ಪ್ರೆ ಅಧ್ಯಯನ ತೋರಿಸಿದೆ. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆಯಿದ್ದರೆ ಅದರ ಮಾತ್ರೆಯೂ ಬೇಕು. ಮಗು ಬೇಕೆಂದು ಯೋಚಿಸುವಾಗ ಎನಲಾಪ್ರಿಲ್‌ನಂಥ ಬಿ.ಪಿ. ಮಾತ್ರೆ ನಡೆಯುತ್ತಿದ್ದರೆ ಮೊದಲೇ ಬದಲಾಯಿಸಿಕೊಳ್ಳಬೇಕು, ಗರ್ಭದಲ್ಲಿ ಅದು ಕೂಡದು. ಎರಡನೆಯ ಮಗು ಆಗಲಿ ಬಿಡಲಿ, ವರ್ಷಕ್ಕೊಮ್ಮೆ ಬಿ.ಪಿ., ಸಕ್ಕರೆ ನೋಡಿಸುತ್ತಿರಿ. ಈ ಕಾಯಿಲೆ ಬಂದವರಿಗೆ ಮುಂದಿನ ವಯಸ್ಸಿನಲ್ಲಿ ಪಾರ್ಶ್ವವಾಯುವಿನ ಸಂಭವ ಸುಮಾರು ಎರಡು ಪಟ್ಟು.

ಈಗ ಇಂದಿನ 148/96. ತುರ್ತು ಅಲ್ಲ, ಆದರೆ ಸುಮ್ಮನೆ ಬಿಡುವ ಅಂಕಿಯೂ ಅಲ್ಲ. ಬೆಳಗಿನ ಮಾತ್ರೆ ತೆಗೆದುಕೊಳ್ಳುವ ಮೊದಲು ಅಳೆದದ್ದೋ ನಂತರವೋ ನೋಡಿ. ಮಧ್ಯಾಹ್ನ ಮಲಗಿ ಎದ್ದ ಮೇಲೆ, ಐದು ನಿಮಿಷ ಕೂರಿಸಿ ಮತ್ತೆ ಅಳೆಯಿರಿ. ಆಗಲೂ 140/90 ದಾಟಿದ್ದರೆ ಇಂದು ಸಂಜೆಯೊಳಗೆ ಚಿಕಿತ್ಸೆ ಕೊಟ್ಟ ವೈದ್ಯರಿಗೆ ಫೋನ್ ಮಾಡಿ, ಡೋಸ್ ಹೆಚ್ಚಿಸಬೇಕಾಗಬಹುದು. 160/110 ಬಂದರೆ, ಅಥವಾ ಯಾವ ಅಂಕಿಯಲ್ಲೇ ಆಗಲಿ ತಲೆನೋವು, ಕಣ್ಣು ಮಂಜು ಕಂಡರೆ ಫೋನಿಗೂ ಕಾಯದೆ ಹೊರಡಿ. ನೀವು ಕೆಲಸಕ್ಕೆ ಹೋಗುವವರಾದರೆ ಯಂತ್ರ ಹಾಕುವುದನ್ನು ಅತ್ತೆಗೂ ಇಂದೇ ಕಲಿಸಿಕೊಡಿ.